ಹುಳ ಮುಟ್ಟಿದ ಹೊತ್ತು



ನಮ್ಮ ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರು ಹೇಳುವುದಿಲ್ಲ. 'ಹುಳ' ಅನ್ನುತ್ತಾರೆ. ಕಚ್ಚಿತು ಅನ್ನುವುದೂ ಇಲ್ಲ, 'ಮುಟ್ಟಿತು' ಅನ್ನುತ್ತಾರೆ. ನಾನು ವೈದ್ಯನಾಗಿ ತಾಲ್ಲೂಕು ಆಸ್ಪತ್ರೆಗೆ ಸೇರಿದ ಹೊಸತರಲ್ಲಿ, ಒಂದು ನಡುರಾತ್ರಿ, ಹೆಗಲ ಮೇಲೆ ಹುಡುಗನನ್ನು ಹೊತ್ತು ತಂದ ಹಿರಿಯರೊಬ್ಬರು "ಸ್ವಾಮಿ, ಮಗೀಗೆ ಹುಳ ಮುಟ್ಟೈತೆ" ಎಂದರು. ಪಟ್ಟಣದಲ್ಲಿ ಬೆಳೆದ ನನಗೆ ಆ ಮಾತು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಅಷ್ಟರಲ್ಲಿ ಡ್ರಿಪ್ ಸ್ಟ್ಯಾಂಡನ್ನು ಮಂಚದ ಹತ್ತಿರ ಎಳೆದು ತಂದಾಗಿತ್ತು. ಆ ಒಂದು ಗಳಿಗೆಯ ಬೆಲೆ ಏನೆಂದು ಮುಂದಿನ ವರ್ಷಗಳಲ್ಲಿ ನಾನು ಕಲಿತೆ. ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಕರ್ಕಾಟಕ ವೃತ್ತಕ್ಕೂ ಮಕರ ವೃತ್ತಕ್ಕೂ ನಡುವೆ ಇರುವ ಬಿಸಿ ನಾಡುಗಳನ್ನು ಉಷ್ಣವಲಯ ಎನ್ನುತ್ತೇವೆ. ನಮ್ಮ ಕರ್ನಾಟಕ ಪೂರ್ತಿಯಾಗಿ ಅದರೊಳಗೇ ಇದೆ. ಉಷ್ಣವಲಯದ ಕಾಯಿಲೆ ಎಂದೊಡನೆ ನಮಗೆ ಮಲೇರಿಯ, ಡೆಂಗಿ, ಆನೆಕಾಲು ರೋಗ ನೆನಪಾಗುತ್ತವೆ. ಇವುಗಳ ಹಿಂದೆ ಸೊಳ್ಳೆ ಇದೆ, ರೋಗಾಣು ಇದೆ. ಆದರೆ ರೋಗಾಣುವೇ ಇಲ್ಲದ, ಒಬ್ಬರಿಂದ ಒಬ್ಬರಿಗೆ ಹರಡದ, ಹಾಗಿದ್ದೂ ಊರೂರಿನಲ್ಲಿ ಜನರನ್ನು ಕೊಲ್ಲುವ ಒಂದು ಪಿಡುಗು ಇದೇ ಸಾಲಿಗೆ ಸೇರುತ್ತದೆ. ಅದು ಹಾವು ಕಡಿತ. ವಿಶ್ವ ಆರೋಗ್ಯ ಸಂಸ್ಥೆ 2017ರ ಜೂನ್‌ನಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಡಿತದಿಂದ ಸಾಯುತ್ತಾರೆ. ಇದರ ಮೂರರಷ್ಟು ಜನ ಕೈಯೋ ಕಾಲೋ ಕಳೆದುಕೊಂಡು, ಇಲ್ಲವೇ ಬೇರೆ ಶಾಶ್ವತ ಊನದೊಂದಿಗೆ ಬದುಕುತ್ತಾರೆ.

ಈ ಸಾವಿನಲ್ಲಿ ದೊಡ್ಡ ಪಾಲು ನಮ್ಮ ದೇಶದ್ದು. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಸರಾಸರಿ 58,000. ದಿನಕ್ಕೆ ನೂರೈವತ್ತಕ್ಕೂ ಹೆಚ್ಚು. ಈ ಲೆಕ್ಕ ಸಿಕ್ಕಿದ್ದು ಆಸ್ಪತ್ರೆಗಳ ಕಡತದಿಂದಲ್ಲ. ಸಾವಾದ ಮನೆಗಳಿಗೆ ಹೋಗಿ, ಜಗಲಿಯ ಮೇಲೆ ಕೂತು, "ಹೇಗಾಯಿತು, ಏನಾಯಿತು" ಎಂದು ಮನೆಯವರನ್ನೇ ಕೇಳಿ ಬರೆದುಕೊಂಡ ದೊಡ್ಡ ಸಮೀಕ್ಷೆಯಿಂದ ಸಿಕ್ಕಿತು. ಸತ್ತವರಲ್ಲಿ ಬಹುಪಾಲು ಜನ ಹಳ್ಳಿಯವರು. ಹೆಚ್ಚಿನವರು ಆಸ್ಪತ್ರೆಯ ಬಾಗಿಲನ್ನೇ ಕಾಣದೆ ಹೋದವರು. ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆದದ್ದು.

ಆಸ್ಟ್ರೇಲಿಯದಲ್ಲಿಯೂ ಉಗ್ರ ವಿಷದ ಹಾವುಗಳಿವೆ. ಅಲ್ಲಿ ವರ್ಷಕ್ಕೆ ಹಾವು ಕಡಿದು ಸಾಯುವವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ವಿಷ ಅಲ್ಲಿಯೂ ವಿಷವೇ. ಕಡಿಸಿಕೊಂಡವನಿಗೂ ಮದ್ದಿಗೂ ನಡುವಿನ ದೂರ ಮಾತ್ರ ಬೇರೆ. ಈ ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಂಡರೆ ನಾನು ಮುಂದೆ ಹೇಳುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿ. ನಮ್ಮ ಬಿಸಿಲು ನಾಡು ಅದಕ್ಕೆ ಹೇಳಿ ಮಾಡಿಸಿದಂತಿದೆ. ಹೊಲದಲ್ಲಿ ಕಾಳು ಇದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮಳೆ ಬಂದು ಬಿಲಕ್ಕೆ ನೀರು ನುಗ್ಗಿದರೆ ಒಣಜಾಗ ಹುಡುಕಿಕೊಂಡು ಅದು ಬದುವಿಗೆ, ಹುಲ್ಲಿನ ಬಣವೆಗೆ, ಸೌದೆ ಒಟ್ಟಿಲಿಗೆ, ಕೊನೆಗೆ ಮನೆಯ ಮೂಲೆಗೆ ಬರುತ್ತದೆ. ಅದೇ ಮಳೆಗೆ ಕಾದಿದ್ದ ರೈತ ಬರಿಗಾಲಲ್ಲಿ ಹೊಲಕ್ಕೆ ಇಳಿಯುತ್ತಾನೆ. ಇಬ್ಬರೂ ಹೊಟ್ಟೆಪಾಡಿಗೆ ಒಂದೇ ಜಾಗಕ್ಕೆ ಬಂದವರು.

ಇದರ ಮೇಲೆ ನಾವೇ ಸೇರಿಸಿದ ಇನ್ನೊಂದು ಕಾರಣವಿದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಕಡೆ ಪಾಳಿಯ ಮೇಲೆ ಬರುತ್ತದೆ, ಪಾಳಿ ರಾತ್ರಿಯೂ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂತೆಂದರೆ ಮೋಟಾರು ಹಾಕಲು, ಮಡೆ ಕಟ್ಟಲು ರೈತ ಎದ್ದು ಹೋಗಲೇಬೇಕು. ಕತ್ತಲು, ನೀರು ನಿಂತ ಬದು, ಮೊಣಕಾಲುದ್ದದ ಹುಲ್ಲು. ಹಾವು ಓಡಾಡುವ ಹೊತ್ತೂ ಅದೇ. ನನ್ನ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ "ಮೋಟ್ರು ಹಾಕಕ್ಕೋಗಿದ್ದೆ ಸ್ವಾಮಿ" ಎಂದವರನ್ನು ಲೆಕ್ಕ ಇಡಲು ಆಗಲಿಲ್ಲ. ಹಾಗಾಗಿ ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟು ಕೊಡಿ ಎಂದು ರೈತರು ಕೇಳುವಾಗ ಅದನ್ನು ಆರೋಗ್ಯದ ಬೇಡಿಕೆಯೆಂದೇ ನಾನು ತಿಳಿಯುತ್ತೇನೆ.

ನಮ್ಮ ನಾಡಿನಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ನಾಲ್ಕು ಹಾವುಗಳಿಂದ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ಮುಖ್ಯವಾಗಿ ನರಗಳಿಂದ ಸ್ನಾಯುಗಳಿಗೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲು ಆಗುವುದಿಲ್ಲ, ಆಮೇಲೆ ಉಸಿರು ನಿಲ್ಲುತ್ತದೆ. ಮಂಡಲದ ಹಾವುಗಳ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಕೊಳಕುಮಂಡಲ ಕಚ್ಚಿದರೆ ಜತೆಗೆ ಕಚ್ಚಿದ ಭಾಗ ಊದಿ ಕೊಳೆಯಬಹುದು, ಮೂತ್ರಪಿಂಡವೂ ಸೋಲಬಹುದು.

ಒಂದು ದಿನದ ಸಂಗತಿ ಹೇಳುತ್ತೇನೆ. ಹುರುಳಿ ಕೀಳುವ ಕಾಲ. ಹುರುಳಿ ಗಿಡವನ್ನು ಬುಡಕ್ಕೆ ಕೈಹಾಕಿ ಕೀಳಬೇಕು ಎಂಬುದು ನಿಮಗೆ ಗೊತ್ತು. ಹಾಗೆ ಕೈಹಾಕಿದ ಒಬ್ಬ ತಾಯಿಯ ತೋರುಬೆರಳಿಗೆ ಕೊಳಕುಮಂಡಲ ಕಚ್ಚಿತ್ತು. ಬೆಳಗ್ಗೆ ಏಳಕ್ಕೆ ಕಚ್ಚಿದ್ದು. ನಮ್ಮ ಹತ್ತಿರ ಬಂದಾಗ ಹನ್ನೆರಡು ದಾಟಿತ್ತು. ನಡುವಿನ ಐದು ಗಂಟೆ ಎಲ್ಲಿ ಹೋಯಿತೆಂದರೆ, ಮೊದಲು ಸೀರೆ ಸೆರಗು ಹರಿದು ತೋಳಿಗೆ ಬಿಗಿದರು. ಪಕ್ಕದೂರಿನಲ್ಲಿ ಬೇರು ಅರೆದು ಕೊಡುವವರ ಮನೆಗೆ ಹೋದರು. ಅವರು ಸಂತೆಗೆ ಹೋಗಿದ್ದರು, ಬರಲಿ ಎಂದು ಕಾದರು. ಆಮೇಲೆ ಆಟೋ ಹುಡುಕಿದರು. ಕೈ ಮೊಣಕೈಯವರೆಗೆ ಊದಿ, ಗಾಜಿನ ಬಳೆಗಳು ಮಣಿಕಟ್ಟಿನ ಮಾಂಸಕ್ಕೆ ಇಳಿದಿದ್ದವು. ಸಿಸ್ಟರ್ ಬಳೆ ತೆಗೆಯಲು ಹೋದರೆ ಅತ್ತೆ ಅಡ್ಡ ಬಂದು, "ಒಡೀಬ್ಯಾಡಿ ಕಣವ್ವ, ಅವಳ ಗಂಡ ಇಲ್ಲೇ ನಿಂತವ್ನೆ" ಎಂದು ಅತ್ತರು. ಸಿಸ್ಟರ್ ಏನೂ ಹೇಳದೆ ಸೋಪಿನ ನೀರು ತಂದು, ಒಂದೊಂದೇ ಬಳೆಯನ್ನು ತಿರುಗಿಸುತ್ತ ಜಾರಿಸಿ, ಹನ್ನೆರಡನ್ನೂ ಇಡಿಯಾಗಿ ತೆಗೆದು ಅತ್ತೆಯ ಮಡಿಲಿಗೆ ಹಾಕಿದರು.

ಅಷ್ಟರಲ್ಲಿ ನಾನು ಒಂದು ಸಣ್ಣ ಪರೀಕ್ಷೆ ಮಾಡಿದ್ದೆ. ಅದಕ್ಕೆ ಯಂತ್ರ ಬೇಡ, ಕರೆಂಟೂ ಬೇಡ. ಶುಚಿಯಾದ, ಒಣಗಿದ ಒಂದು ಹೊಸ ಗಾಜಿನ ನಳಿಕೆ ಸಾಕು. ಎರಡು ಮಿಲಿಲೀಟರ್ ರಕ್ತ ತೆಗೆದು ಅದಕ್ಕೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ನಿಲ್ಲಿಸಬೇಕು. ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಗಟ್ಟಿ ಮೊಸರಿನ ಹಾಗೆ ತಳ ಹಿಡಿದು ನಿಂತಿರುತ್ತದೆ. ಆ ತಾಯಿಯ ರಕ್ತ ಓರೆ ಮಾಡಿದೊಡನೆ ನೀರಿನ ಹಾಗೆ ಹರಿದು ಬಂತು. ಗಂಡ ನನ್ನ ಪಕ್ಕದಲ್ಲೇ ನಿಂತು ಅದನ್ನು ನೋಡಿದ. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಪ್ರತಿವಿಷ ಕೊಟ್ಟೆವು. ಆರು ಗಂಟೆಯ ನಂತರ ಮತ್ತೆ ಅದೇ ಪರೀಕ್ಷೆ, ಮತ್ತೆ ಪ್ರತಿವಿಷ. ಮರುದಿನ ಬೆಳಗಿನ ಜಾವ ನಳಿಕೆ ಓರೆ ಮಾಡಿದಾಗ ರಕ್ತ ಅಲುಗಲಿಲ್ಲ. ಆ ತಾಯಿ ಬದುಕಿದರು. ಆದರೆ ತೋರುಬೆರಳು ಉಳಿಯಲಿಲ್ಲ. ಬಿಗಿದ ಕಟ್ಟು, ಹೋದ ಐದು ಗಂಟೆ, ಎರಡೂ ಸೇರಿ ಅದನ್ನು ತೆಗೆದುಕೊಂಡವು. ಹುರುಳಿ ಕೀಳುವವಳಿಗೆ, ಹಾಲು ಕರೆಯುವವಳಿಗೆ, ಹೂ ಕಟ್ಟುವವಳಿಗೆ ತೋರುಬೆರಳು ಎಂದರೆ ಏನು ಎಂದು ಯೋಚಿಸಿ.

ಈ ಪ್ರತಿವಿಷ ಎಂಬುದು ಎಲ್ಲಿಂದ ಬರುತ್ತದೆ? ತಮಿಳುನಾಡಿನ ಚೆನ್ನೈ ಸಮೀಪ ಇರುಳ ಸಮುದಾಯದವರು 1978ರಲ್ಲಿ ಒಂದು ಸಹಕಾರ ಸಂಘ ಕಟ್ಟಿಕೊಂಡರು. ತಲೆಮಾರುಗಳಿಂದ ಹಾವು ಹಿಡಿಯುವುದರಲ್ಲಿ ನುರಿತವರು ಅವರು. ಹಾವಿನ ಚರ್ಮದ ವ್ಯಾಪಾರ ಕಾನೂನಿನಿಂದ ನಿಂತಮೇಲೆ ಅದೇ ವಿದ್ಯೆಯನ್ನು ಜೀವ ಉಳಿಸುವ ಕೆಲಸಕ್ಕೆ ತಿರುಗಿಸಿದರು. ಅವರು ಈ ನಾಲ್ಕು ಜಾತಿಯ ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಔಷಧ ತಯಾರಕರು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಕಟ್ಟಿಹಾಕುವ ಶಕ್ತಿ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿ, ಶುದ್ಧಿ ಮಾಡಿ, ಬಿಳಿ ಪುಡಿಯಾಗಿ ಒಣಗಿಸಿ ಪುಟ್ಟ ಸೀಸೆಗಳಿಗೆ ತುಂಬುತ್ತಾರೆ. ಇರುಳ ಸಮುದಾಯದ ಇಬ್ಬರು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್, 2023ರಲ್ಲಿ ಪದ್ಮಶ್ರೀ ಪಡೆದರು.

ವಿಷ ತಗುಲಿದ ಗುರುತು ಕಂಡವರಿಗೆ ಮೊದಲ ಸುತ್ತಿನಲ್ಲೇ ಸಾಮಾನ್ಯವಾಗಿ ಎಂಟರಿಂದ ಹತ್ತು ಸೀಸೆ ಬೇಕು. ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಯಾಕೆಂದರೆ ಹಾವು ಆಳು ನೋಡಿ ವಿಷ ಬಿಡುವುದಿಲ್ಲ. ಮಗುವಿನ ಸಣ್ಣ ಮೈಯಲ್ಲಿ ಅಷ್ಟೇ ವಿಷ ಇನ್ನೂ ಹೆಚ್ಚು ಕೇಡು ಮಾಡುತ್ತದೆ. ಪ್ರತಿವಿಷ ಕೆಲವರಿಗೆ ಒಗ್ಗದೆ ದದ್ದು, ನಡುಕ, ಉಸಿರುಕಟ್ಟು ಬರಬಹುದು. ಅದಕ್ಕೆ ಅಡ್ರಿನಲಿನ್ ಎಂಬ ಚುಚ್ಚುಮದ್ದು ಸಿದ್ಧವಿರಬೇಕು. ಹಾಗಾಗಿ ಇದನ್ನು ಆಸ್ಪತ್ರೆಯಲ್ಲಿ ಮಾತ್ರ ಕೊಡಬೇಕು.

ಇನ್ನು ಕಟ್ಟುಹಾವಿನ ಮಾತು. ಊರವರು ಇದನ್ನು ಕಡಂಬಳ ಎಂದೂ ಕರೆಯುತ್ತಾರೆ. ಕರಿ ಮೈ, ಮೇಲೆ ತೆಳು ಬಿಳಿ ಗೆರೆ. ಹಗಲು ಅದು ಕಾಣಿಸಿಕೊಳ್ಳುವುದು ಅಪರೂಪ. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಹತ್ತಿರ ಬರುತ್ತದೆ, ಮಗ್ಗುಲಾದಾಗ ಕಚ್ಚುತ್ತದೆ. ಅದರ ಹಲ್ಲು ಎಷ್ಟು ಸಣ್ಣದೆಂದರೆ ಎಷ್ಟೋ ಸಲ ನೋವಿಲ್ಲ, ಊತವಿಲ್ಲ, ಗುರುತೂ ಇಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಎದ್ದು ಕೂರುತ್ತದೆ. ವಾಂತಿ ಮಾಡುತ್ತದೆ. ಕಣ್ಣು ಬಿಡಲು ಆಗುತ್ತಿಲ್ಲ ಅನ್ನುತ್ತದೆ. ಮನೆಯವರು ಅಜೀರ್ಣ ಎಂದುಕೊಳ್ಳುತ್ತಾರೆ, ಇಲ್ಲವೇ ಗಾಳಿ ಸೋಂಕು ಎಂದು ನಿವಾಳಿಸುತ್ತಾರೆ.

ಹಾಗೆ ಬಂದ ಹತ್ತು ವರ್ಷದ ಒಬ್ಬ ಹುಡುಗನಿಗೆ ಆಸ್ಪತ್ರೆಗೆ ಬಂದ ಅರ್ಧ ಗಂಟೆಯಲ್ಲೇ ಉಸಿರು ಕ್ಷೀಣಿಸಿತು. ನಮ್ಮಲ್ಲಿ ಆಗ ವೆಂಟಿಲೇಟರ್ ಇರಲಿಲ್ಲ. ಗಂಟಲಿಗೆ ನಳಿಕೆ ಇಳಿಸಿ, ರಬ್ಬರಿನ ಉಸಿರುಚೀಲವನ್ನು ಕೈಯಿಂದ ಒತ್ತುತ್ತ ಜಿಲ್ಲಾಸ್ಪತ್ರೆಗೆ ಹೊರಟೆವು. ಒತ್ತು, ಬಿಡು, ಒತ್ತು, ಬಿಡು. ನಿಮಿಷಕ್ಕೆ ಹದಿನೈದು ಸಲದಂತೆ, ಎರಡು ತಾಸು. ಕೈ ಸೋತಾಗ ಆಂಬುಲೆನ್ಸಿನ ಸಹಾಯಕ, ಅವನ ಕೈ ಸೋತಾಗ ನಾನು. ಹುಡುಗ ಮರದ ಕೊರಡಿನ ಹಾಗೆ ಬಿದ್ದಿದ್ದ. ರೆಪ್ಪೆ ಎತ್ತಿದರೆ ಕಣ್ಣುಗುಡ್ಡೆ ಅಲುಗುತ್ತಿರಲಿಲ್ಲ. ತಂದೆ ಕಾಲ ಬಳಿ ಕೂತು "ಹೋಗ್ಬುಟ್ಯಾ ಮಗಾ" ಎಂದು ಗೋಳಾಡುತ್ತಿದ್ದ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಒಮ್ಮೆ ಮೈ ಸತ್ತ ಮೇಲೆ ಪ್ರತಿವಿಷ ಅದನ್ನು ಒಡನೆ ಎಬ್ಬಿಸಲಾರದು. ತುದಿಗಳು ಮತ್ತೆ ಚಿಗುರುವವರೆಗೆ ಉಸಿರನ್ನು ನಾವು ನಡೆಸಿಕೊಡಬೇಕು. ನಾಲ್ಕನೆಯ ದಿನ ಅವನ ಕಾಲ ಹೆಬ್ಬೆರಳು ಅಲುಗಿತು. ಎರಡು ವಾರದ ಮೇಲೆ ನಮ್ಮ ಆಸ್ಪತ್ರೆಗೆ ನಡೆದುಕೊಂಡೇ ಬಂದ. ಬಂದವನು ನನಗೆ ಹೇಳಿದ ಮೊದಲ ಮಾತು: "ಅಪ್ಪ ಗಾಡೀಲಿ ಅಳ್ತಿದ್ದುದ್ದು ನಂಗೆ ಕೇಳುಸ್ತಿತ್ತು ಡಾಕ್ಟ್ರೇ."

ಬಂಧುಗಳೇ, ಮೈ ಅಲುಗದಿದ್ದರೂ ಒಳಗೆ ಆ ಮಗು ಎಚ್ಚರವಾಗಿತ್ತು. ಕಟ್ಟುಹಾವು ಕಚ್ಚಿದವರನ್ನು ಸತ್ತರೆಂದು ತಿಳಿದು ಕೈಬಿಡಬಾರದು ಎಂದು ನಾವು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಈಗ ಮಾಡಬೇಕಾದ್ದನ್ನು ಹೇಳುತ್ತೇನೆ. ಹಾವು ಕಚ್ಚಿದರೆ ಮೊದಲು ಹಾವಿನಿಂದ ದೂರ ಸರಿಯಿರಿ. ಅದನ್ನು ಹುಡುಕಿ ಹೊಡೆಯಲು ಹೊತ್ತು ಕಳೆಯಬೇಡಿ. ಹಾವನ್ನು ನೋಡದೆಯೂ ನಾವು ಚಿಕಿತ್ಸೆ ಮಾಡಬಲ್ಲೆವು. ಉಂಗುರ, ಬಳೆ, ಕಾಲುಂಗುರ, ಉಡಿದಾರ ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆ ಇಟ್ಟು, ಸಡಿಲವಾದ ಬಟ್ಟೆಯಲ್ಲಿ ಕಟ್ಟಿ, ಅಲುಗದಂತೆ ಮಾಡಿ. ಕಡಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಸ್ನಾಯು ಅಲುಗಿದಷ್ಟೂ ವಿಷ ಏರುತ್ತದೆ. 108ಕ್ಕೆ ಫೋನು ಮಾಡಿ. ಗಾಡಿ ತಡವಾಗುವಂತಿದ್ದರೆ ಕಾಯಬೇಡಿ. ಬೈಕಾದರೆ ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಹೊರಡಿ. ಕಚ್ಚಿದ ಹೊತ್ತು ಎಷ್ಟೆಂದು ನೆನಪಿಡಿ.

ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಟ್ಟು ಹೀರಬೇಡಿ, ಸುಡಬೇಡಿ, ಐಸು ಇಡಬೇಡಿ. ಹಗ್ಗ, ದಾರ, ಸೆರಗು ಯಾವುದನ್ನೂ ಬಿಗಿಯಬೇಡಿ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ, ಒಳಗೆ ಕಟ್ಟಿಕೊಂಡ ವಿಷ ಒಮ್ಮೆಗೇ ನುಗ್ಗಬಹುದು. ಅದನ್ನು ಆಸ್ಪತ್ರೆಯಲ್ಲಿ ನಾವು ಬಿಚ್ಚುತ್ತೇವೆ.

ಮಂತ್ರ ಹಾಕುವವರು, ಬೇರು ಕೊಡುವವರು ಊರಿನವರೇ, ನಂಬಿಕೆಯ ಜನ. ಅವರನ್ನು ಹೀಗಳೆಯಲು ನಾನು ಬಂದಿಲ್ಲ. ಆದರೆ ಅವರ ಕೈಯಲ್ಲಿ ಬದುಕಿದವರು ಬದುಕಿದ್ದು ಹೇಗೆಂದು ಹೇಳುವುದು ನನ್ನ ಕರ್ತವ್ಯ. ನಮ್ಮ ಸುತ್ತ ಕೇರೆ, ನೀರುಹಾವು, ತೋಳಹಾವಿನಂಥ ವಿಷವಿಲ್ಲದ ಹಾವುಗಳೇ ಹೆಚ್ಚು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರಿಹಲ್ಲು ಊರಿ ಹೋಗುತ್ತದೆ. ಅಂಥವರು ಏನು ಮಾಡಿದರೂ ಬದುಕುತ್ತಾರೆ, ಮಾಡದಿದ್ದರೂ ಬದುಕುತ್ತಾರೆ. ವಿಷ ಮೈಗೇರಿದವರಿಗೆ ಪ್ರತಿವಿಷ ಒಂದೇ ಮದ್ದು. ನಮ್ಮ ತಾಲ್ಲೂಕಿನಲ್ಲಿ ಒಬ್ಬ ಅಜ್ಜ ಇದ್ದರು. ನಾನು ಹೋಗಿ ಕೇಳಿಕೊಂಡ ಮೇಲೆ, ತಮ್ಮ ಹತ್ತಿರ ಬಂದವರ ಹಣೆಗೆ ವಿಭೂತಿ ಇಟ್ಟು, "ಗಾಡಿ ಹತ್ತು, ಆಸ್ಪತ್ರೆಗೆ ಹೋಗು, ನಾನು ಇಲ್ಲೇ ಕೂತು ಜಪ ಮಾಡ್ತೀನಿ" ಎಂದು ಕಳಿಸುತ್ತಿದ್ದರು. ಅವರು ಎಷ್ಟು ಜೀವ ಉಳಿಸಿದರೆಂಬುದಕ್ಕೆ ನಾನು ಸಾಕ್ಷಿ.

ಸರ್ಕಾರಗಳೂ ಈಚೆಗೆ ಎಚ್ಚೆತ್ತಿವೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಬಂದ ಪ್ರತಿಯೊಂದು ಕಡಿತವನ್ನೂ ಲೆಕ್ಕಕ್ಕೆ ಕೊಡಬೇಕು. ಯಾವ ಹೋಬಳಿಯಲ್ಲಿ ಯಾವ ತಿಂಗಳು ಎಷ್ಟು ಸೀಸೆ ಬೇಕೆಂದು ತಿಳಿಯುವುದು ಈ ಲೆಕ್ಕದಿಂದಲೇ. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆಯನ್ನು ಹೊರತಂದಿತು. ಮಾಡಬೇಕಾದ್ದು ಇನ್ನೂ ಇದೆ. ಈಗಿನ ಪ್ರತಿವಿಷ ಆ ನಾಲ್ಕು ಹಾವುಗಳಿಗೆ ಮಾತ್ರ. ಮಲೆನಾಡಿನ ಕಾಫಿ ತೋಟ, ಅಡಿಕೆ ತೋಟಗಳಲ್ಲಿ ಕಚ್ಚುವ, ಮೂತಿ ಮೇಲಕ್ಕೆ ಬಾಗಿದ ಪುಟ್ಟ ಮಂಡಲದ ಹಾವಿಗೆ ಅದು ಸರಿಯಾಗಿ ಹತ್ತುವುದಿಲ್ಲ. ಒಂದೇ ಜಾತಿಯ ಹಾವಿನ ವಿಷ ಕೂಡ ಊರಿಂದ ಊರಿಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ನಮ್ಮ ನೆಲದ ಹಾವಿಗೆ ನಮ್ಮ ನೆಲದ ಪ್ರತಿವಿಷ ಬೇಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇರಬೇಕು. ಅದನ್ನು ಕೊಡಲು ಧೈರ್ಯವುಳ್ಳ, ತರಬೇತಾದ ಕೈ ರಾತ್ರಿ ಹೊತ್ತೂ ಅಲ್ಲಿರಬೇಕು.

ಹಾವನ್ನು ಕೊಂದು ಈ ಪಿಡುಗು ಹೋಗುವುದಿಲ್ಲ. ಅದು ಇಲಿ ತಿಂದು ನಮ್ಮ ಕಣಜ ಕಾಯುವ ಪ್ರಾಣಿ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವ ನಾವು ಅದರೊಂದಿಗೆ ಬಾಳುವುದನ್ನು ಹೊಸದಾಗಿ ಕಲಿಯಬೇಕಿಲ್ಲ. ರಾತ್ರಿ ಹೊರಟರೆ ಟಾರ್ಚು, ಕಾಲಿಗೆ ಗಂಬೂಟು, ಕೈಯಲ್ಲಿ ನೆಲ ತಟ್ಟಲು ಕೋಲು. ಸೌದೆ, ಬೆರಣಿಗೆ ಕೈಹಾಕುವ ಮೊದಲು ಒಮ್ಮೆ ಕೋಲಾಡಿಸುವುದು. ಮಲಗಲು ಮಂಚ, ಮಂಚವಿಲ್ಲದಿದ್ದರೆ ಅಂಚನ್ನು ಚಾಪೆಯ ಕೆಳಗೆ ಚೆನ್ನಾಗಿ ಮಡಿಸಿದ ಸೊಳ್ಳೆಪರದೆ. ಇಷ್ಟಕ್ಕೆ ಬಹಳ ದುಡ್ಡು ಬೇಡ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ನಾಳೆಯೇ ಮಾಡಿ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ಕಡಿತಕ್ಕೆ ಪ್ರತಿವಿಷ ಇದೆ, ರಾತ್ರಿ ಅಲ್ಲಿ ವೈದ್ಯರಿರುತ್ತಾರೆಯೇ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಆ ಆಸ್ಪತ್ರೆಯ ಹೆಸರನ್ನು, ರಾತ್ರಿ ಕರೆದರೆ ಬರುವ ಗಾಡಿಯವರ ನಂಬರನ್ನು ಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ, ಮಕ್ಕಳಿಗೂ ಓದಿಸಿ. ಪ್ರತಿವಿಷ ಇಲ್ಲವೆಂದು ಗೊತ್ತಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಆ ತಾಯಿ ಕಳೆದುಕೊಂಡ ಐದು ಗಂಟೆಯನ್ನು ನಿಮ್ಮ ಮನೆಯವರು ಯಾರೂ ಕಳೆದುಕೊಳ್ಳದಿರಲಿ.